ಮ್ಯಾಲಿಂದ ಜಿಗಿದವರು, ನೀರಾಗ ಮುಳುಗಿದವರು

(ಸಂಘದ ಬೆಳ್ಳಿ ಹಬ್ಬದ ನಿಮಿತ್ತ ಏರ್ಪಡಿಸಿದ ಮಾಜಿ ಸೈನಿಕರ ಸತ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಕಬ್ಬು, ಗೋವಿನಜೋಳ, ಹಿಂಗಾರಿಗೆ ಕಡಲಿ, ಬಿಳಿಜೋಳ, ಇಷ್ಟೇ ನನ್ನ ವಿದ್ಯೆ. ಬೆಳ್ಳಿ ಹಬ್ಬದ ಸಮಿತಿಯವರು "ನೀವು ಆ ಇಬ್ಬರನ್ನೂ ಸಣ್ಣವರಿದ್ದಾಗಿನಿಂದ ಬಲ್ಲವರು, ಅವರ ಪರಿಚಯ ನೀವೇ ಮಾಡಿಕೊಡಬೇಕು" ಎಂದು ಹಟ ಹಿಡಿದಿದ್ದರಿಂದ ಎದ್ದು ನಿಂತಿದ್ದೇನೆ. ತಪ್ಪು ಬಂದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಸತ್ಕಾರ ಮಾಡಿಸಿಕೊಳ್ಳುವ ಇಬ್ಬರೂ ಒಂದು ಕರಾರು ಹಾಕಿದ್ದಾರೆ. ಹೆಸರು ಹೇಳಬಾರದು, ಹೊಗಳಬಾರದು. ಹೆಸರು ಹೇಳದಿದ್ದರೂ ಊರಿಗೆಲ್ಲ ಗೊತ್ತು. ಒಬ್ಬರು ನಮ್ಮ ಓಣಿಯ ಹವಾಲ್ದಾರ ಕಾಕಾ. ವಿಮಾನದಿಂದ ಛತ್ರಿ ಕಟ್ಟಿಕೊಂಡು ಜಿಗಿದವರು. ಇನ್ನೊಬ್ಬರು ನಮ್ಮ ತಾಯಿಯ ತಮ್ಮ, ನನ್ನ ಸೋದರಮಾವ. ಊರವರ ಬಾಯಲ್ಲಿ ನೇವಿ ಮಾಮಾ. ಸಮುದ್ರದೊಳಗೆ ಮುಳುಗಿ ಓಡುವ ಹಡಗಿನಲ್ಲಿ, ಅಂದರೆ ಸಬ್‌ಮರೀನಿನಲ್ಲಿ, ಹದಿನೈದು ವರ್ಷ ದುಡಿದವರು. ಮಾರುತಿ ದೇವರ ಗುಡಿಯ ಕಟ್ಟೆಯ ಮೇಲೆ ಸಂಜೆಗೆ ಇವರಿಬ್ಬರೂ ಕೂತರೆ ಅಲ್ಲಿ ನಗೆಯ ಜಾತ್ರೆ. ಕಾಕಾ ಅನ್ನುವುದು, "ನಾವಿಬ್ಬರೂ ಭೂಮಿಗೆ ಭಾರ ಆಗದ ಮಂದಿ. ನಾ ಮ್ಯಾಲ ಇದ್ನಿ, ಇಂವಾ ಕೆಳಗ ಇದ್ದಾ. ನಡುವ ನೀವು ರೈತರು ಆರಾಮ ಇದ್ರಿ."

ಸಹಕಾರ ಸಂಘದ ಬೆಳ್ಳಿ ಹಬ್ಬದಲ್ಲಿ ಸೈನಿಕರ ಸತ್ಕಾರ ಯಾಕೆ ಎಂದು ಕೆಲವರು ಕೇಳಿದರು. ಕಿತ್ತೂರ ಚನ್ನಮ್ಮ ತಾಯಿ 1824ರಲ್ಲಿ ಇಂಗ್ಲಿಷರಿಗೆ ಎದುರು ನಿಂತ ನಾಡು ಇದು. ಬೆಳಗಾವಿಯಲ್ಲಿ 1922ರಿಂದ ಮರಾಠಾ ಪಲಟಣಿನ ತರಬೇತಿ ಕೇಂದ್ರ ಇದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕಿನ ಹಳ್ಳಿಗಳಲ್ಲಿ ಮಿಲಿಟರಿಗೆ ಹೋದ ಒಬ್ಬನಾದರೂ ಇರದ ಊರು ಸಿಗುವುದು ಕಷ್ಟ. ಇದು ಒಂದು ಕಾರಣ. ಆದರೆ ಇನ್ನೊಂದು ಕಾರಣವಿದೆ. ಸಹಕಾರ ಎಂದರೇನು ಎಂಬುದನ್ನು ನಾನು ಕಲಿತದ್ದು ತರಬೇತಿ ಶಿಬಿರದಲ್ಲಿ ಅಲ್ಲ, ಈ ಇಬ್ಬರ ಚೇಷ್ಟೆಯ ಮಾತಿನಿಂದ. ಅದನ್ನೇ ಇಂದು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಕಾಕಾ ಅವರ ವಿಷಯ. 1969ರಲ್ಲಿ ಬೆಳಗಾವಿಗೆ ಗೋವಿನಜೋಳದ ಬೀಜ ತರಲಿಕ್ಕೆಂದು ಹೋದವರು ಭರ್ತಿಯ ಸಾಲಿನಲ್ಲಿ ನಿಂತುಬಿಟ್ಟರು. ಬೀಜದ ರೊಕ್ಕ ಅವರ ಅಪ್ಪನಿಗೆ ಪೋಸ್ಟಿನಲ್ಲಿ ವಾಪಸ್ ಬಂತು, ಮಗ ಬರಲಿಲ್ಲ. ಮುಂದೆ ಪ್ಯಾರಾಶೂಟ್ ಪಡೆಗೆ ಸ್ವಂತ ಇಚ್ಛೆಯಿಂದ ಯಾರು ಬರುತ್ತೀರಿ ಎಂದು ಕೇಳಿದಾಗ ಇವರು ಕೈ ಎತ್ತಿದರು. ಯಾಕೆ ಕಾಕಾ ಎಂದು ಕೇಳಿದರೆ, "ಹಿಂದಿನಂವಾ ನನ್ನ ಕಂಕಳಾಗ ಕಚಗುಳಿ ಇಟ್ಟಾ, ಕೈ ಮ್ಯಾಲ ಹೋತು" ಅನ್ನುತ್ತಾರೆ. ನಿಜವಾದ ಕಾರಣ, ಜಿಗಿಯುವವರಿಗೆ ಸಂಬಳದ ಮೇಲೆ ಬೇರೆ ಭತ್ತೆ ಸಿಗುತ್ತಿತ್ತು. ಮನೆಯಲ್ಲಿ ಮೂರು ಮಂದಿ ತಂಗಿಯರ ಲಗ್ನ ಬಾಕಿ ಇದ್ದವು.

ಜಿಗಿಯುವ ತರಬೇತಿ ಆಗ್ರಾದಲ್ಲಿ. ನಾವು ಆಗ್ರಾ ಅಂದರೆ ತಾಜಮಹಲು ಅನ್ನುತ್ತೇವೆ. ಕಾಕಾ ತಾಜಮಹಲನ್ನು ಮೊದಲು ನೋಡಿದ್ದೇ ಆಕಾಶದಿಂದ. ಐದು ಸಲ ಜಿಗಿದರೆ ಎದೆಯ ಮೇಲೆ ರೆಕ್ಕೆಯ ಬಿಲ್ಲೆ ಸಿಗುತ್ತದೆ, ತಲೆಗೆ ಕೆಂಗಂದು ಬಣ್ಣದ ಟೊಪ್ಪಿಗೆ. ವಿಮಾನ ಸಾವಿರದ ಚಿಲ್ಲರೆ ಅಡಿ ಎತ್ತರದಲ್ಲಿ ಇರುತ್ತದೆ. ಈಗ ನಾವು ನೀರಿಗಾಗಿ ಕೊರೆಯಿಸುವ ಎರಡು ಬೋರುಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಕೆಂಪು ದೀಪ ಹತ್ತಿದರೆ ತಯಾರಾಗಬೇಕು, ಹಸಿರು ದೀಪ ಹತ್ತಿದರೆ ಹೊರಗೆ ಬೀಳಬೇಕು. ಛತ್ರಿಯ ಹಗ್ಗದ ಕೊಕ್ಕೆ ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತಾರೆ. ಮನುಷ್ಯ ಕೆಳಗೆ ಬಿದ್ದಂತೆ ಅದೇ ಜಗ್ಗಿ ಛತ್ರಿಯನ್ನು ಬಿಚ್ಚುತ್ತದೆ.

ಮೊದಲನೇ ಜಿಗಿತದ ಬಗ್ಗೆ ಕಾಕಾ ಹೇಳುವುದನ್ನು ಅವರ ಮಾತಿನಲ್ಲೇ ಹೇಳುತ್ತೇನೆ: "ಬಾಗಲದಾಗ ನಿಂತಾಗ ಎಲ್ಲಮ್ಮತಾಯಿ ಹೆಸರು ತಗೊಂಡು ಜಿಗೀಬೇಕಂತ ಮಾಡಿದ್ನಿ. ಹಸರ ದೀಪಾ ಹತ್ತಿದ ಕೂಡಲೆ ಬಾಯಾಗ ನಮ್ಮನಿ ಎಮ್ಮಿ ಹೆಸರು ಬಂತು. ಗಂಗೀ... ಅಂತ ಒದರಕೋತ ಬಿದ್ನಿ. ಹಿಂದಿನಂವಾ ಅದು ನಮ್ಮ ಕಡೀ ಘೋಷಣಾ ಅಂತ ತಿಳಿದು, ಅವನೂ ಗಂಗೀ ಅಂತ ಒದರಿದಾ. ಮಾರನೇ ದಿನ ಇಡೀ ತುಕಡಿ ಗಂಗೀ ಅಂತ ಒದರಕೋತ ಜಿಗೀತು. ನಮ್ಮ ಎಮ್ಮಿಗೆ ಸಿಕ್ಕ ಮರ್ಯಾದಿ ಯಾವ ಎಮ್ಮಿಗೂ ಸಿಕ್ಕಿಲ್ಲ."

ಜಿಗಿದ ಕೂಡಲೆ ಸುಮ್ಮನೆ ಬೀಳುವಂತಿಲ್ಲ. ಹಿಂದಿಯಲ್ಲಿ ಎಣಿಸಬೇಕು. ಏಕ್ ಹಜಾರ್, ದೋ ಹಜಾರ್, ತೀನ್ ಹಜಾರ್, ಚಾರ್ ಹಜಾರ್. ಅಷ್ಟರಲ್ಲಿ ತಲೆಯ ಮೇಲೆ ಛತ್ರಿ ಅರಳಿರಬೇಕು. ಅರಳದಿದ್ದರೆ ಎದೆಯ ಮೇಲೆ ಇನ್ನೊಂದು ಸಣ್ಣ ಛತ್ರಿ ಇರುತ್ತದೆ, ಅದನ್ನು ಕೈಯಿಂದ ಜಗ್ಗಬೇಕು. ಅದಕ್ಕೆ ಅವರು ಅನ್ನುವ ಹೆಸರು ರಿಜರ್ವ್. ನಮ್ಮ ಸಂಘದಿಂದ ಬೆಳೆಸಾಲ ತೆಗೆದುಕೊಳ್ಳುವಾಗ ಕ್ಯಾಶಿಯರು ನೋಟಿನ ಪೆಂಡಿ ಬಿಚ್ಚಿ ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ ಎಂದು ಎಣಿಸಿದರೆ ಕಾಕಾ ಕಿಟಕಿಯ ಕಟ್ಟಿಗೆ ಗಟ್ಟಿ ಹಿಡಿದು ನಿಲ್ಲುತ್ತಿದ್ದರು. "ಲಗೂ ಎಣಸೋ ತಮ್ಮಾ, ನಾ ಇನ್ನೂ ಮ್ಯಾಲಿಂದ ಬೀಳಾಕತ್ತೇನಿ" ಅನ್ನುತ್ತಿದ್ದರು.

ಈ ರಿಜರ್ವ್ ಎಂಬ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಮುಂದೆ ಬರುತ್ತದೆ.

ಕಾಕಾ ಅವರು 1971ರ ಯುದ್ಧದಲ್ಲಿ ಡಿಸೆಂಬರ್ 11ರ ಸಂಜೆ ಟಾಂಗೈಲಿನಲ್ಲಿ ಜಿಗಿದವರು. ಟಾಂಗೈಲ್ ಈಗಿನ ಬಾಂಗ್ಲಾದೇಶದಲ್ಲಿ, ಢಾಕಾದ ಉತ್ತರಕ್ಕೆ ಇದೆ. ಮರಾಠಾ ಪಲಟಣಿನಿಂದಲೇ ಬೆಳೆದು ಬಂದ ಎರಡನೇ ಪ್ಯಾರಾ ಬಟಾಲಿಯನ್, ಲೆಫ್ಟಿನೆಂಟ್ ಕರ್ನಲ್ ಕುಲವಂತ ಸಿಂಗ್ ಪನ್ನು ಅವರ ನಾಯಕತ್ವದಲ್ಲಿ ಅಲ್ಲಿ ಇಳಿಯಿತು. ಉತ್ತರದಿಂದ ಢಾಕಾಕ್ಕೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಸೈನ್ಯವನ್ನು ಅಡ್ಡಗಟ್ಟಲು ಪೂಂಗ್ಲಿ ಎಂಬಲ್ಲಿನ ಸೇತುವೆಯನ್ನು ಹಿಡಿಯುವುದು ಇವರಿಗೆ ಕೊಟ್ಟ ಕೆಲಸ. ಇಳಿದವರು ಸುಮಾರು 700 ಮಂದಿ. ಆದರೆ ಸುದ್ದಿಯಲ್ಲಿ ಐದು ಸಾವಿರ ಮಂದಿ ಇಳಿದರೆಂದು ಹಬ್ಬಿತು. ಕಾಕಾ ಅನ್ನುತ್ತಾರೆ, "ನಮ್ಮೂರ ಜಾತ್ರಿ ಮಂದಿ ಎಣಿಸಿದಂಗ ಎಣಿಸಿದ್ರು ನೋಡು. ಒಬ್ಬೊಬ್ಬನ ಏಳೇಳು ಸಲ. ಆವತ್ತ ನಾ ಒಬ್ಬನ ಏಳು ಮಂದಿ ಆಗಿದ್ನಿ, ಪಗಾರ ಮಾತ್ರ ಒಬ್ಬಂದ ಕೊಟ್ರು."

ಆ ನಾಡೆಲ್ಲ ಕೆರೆ, ಕುಂಟೆ, ಭತ್ತದ ಗದ್ದೆ. ಕಾಕಾ ಬಿದ್ದದ್ದು ಒಂದು ಕೆರೆಯಲ್ಲಿ. ಈ ಮಾತು ಬಂದರೆ ಮಾಮಾ ಬಿಡುವುದಿಲ್ಲ. "ಅಂದ್ರ ಸರಕಾರ ನಿಮ್ಮನ್ನ ಅವತ್ತ ನೇವಿಗೆ ವರ್ಗಾ ಮಾಡಿತ್ರಿ ಕಾಕಾ" ಅನ್ನುತ್ತಾರೆ. ಕಾಕಾನಿಗೆ ಈಜು ಮಲಪ್ರಭೆ ಕಲಿಸಿದ್ದಳು. ದಂಡೆಗೆ ಬಂದರೆ ಅಲ್ಲಿ ಲುಂಗಿ ಉಟ್ಟ ರೈತರು ನಿಂತಿದ್ದರು. ಗುಂಡು ಹಾರುವ ಹೊತ್ತಿನಲ್ಲಿ, ಹೆದರಿ ಓಡದೆ, ನೀರಿನಲ್ಲಿ ಬಿದ್ದ ಪೆಟ್ಟಿಗೆಗಳನ್ನು ಎತ್ತಿ, ಹೊತ್ತು ಸೇತುವೆಯ ಕಡೆಗೆ ನಡೆದರು. "ಅವರ ಭಾಷಾ ನಮಗ ತಿಳೀಲಿಲ್ಲ, ನಮ್ಮ ಭಾಷಾ ಅವರಿಗೆ ತಿಳೀಲಿಲ್ಲ. ಹೆಗಲಿಗೆ ಹೆಗಲು ತಿಳೀತು" ಎಂದು ಕಾಕಾ ಹೇಳುತ್ತಾರೆ. ಇಷ್ಟು ಹೇಳಿ ಎಲೆ ಅಡಿಕೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಆ ರಾತ್ರಿ ಸೇತುವೆಯ ಹತ್ತಿರ ಏನಾಯಿತೆಂದು ಕೇಳಿದರೆ, "ರಾತ್ರಿ ಚಳಿ ಭಾಳ ಇತ್ತು" ಅಂತಷ್ಟೇ ಅನ್ನುತ್ತಾರೆ. ಅಲ್ಲಿಂದ ಮುಂದೆ ಡಿಸೆಂಬರ್ 16ರಂದು ಢಾಕಾಕ್ಕೆ ಮೊದಲು ಕಾಲಿಟ್ಟ ಭಾರತೀಯ ಪಡೆ ಅವರದೇ.

ಈಗ ರಿಜರ್ವ್ ಮಾತಿಗೆ ಬರುತ್ತೇನೆ. ನಮ್ಮ ಸಂಘ ಶುರುವಾದದ್ದು 2000ನೇ ಇಸವಿಯಲ್ಲಿ. ಶುರುವಾದ ಮರುವರ್ಷದಿಂದಲೇ ಸಾಲಾಗಿ ಮೂರು ವರ್ಷ ಬರಗಾಲ. ಆದರೂ ತೆವಳುತ್ತ ಎದ್ದು ನಿಂತು, 2005ರಲ್ಲಿ ಮೊದಲ ಸಲ ನಾಲ್ಕು ಕಾಸು ಲಾಭ ಕಂಡೆವು. ಆ ವರ್ಷದ ಸಾಮಾನ್ಯ ಸಭೆ ನಿಮಗೆ ನೆನಪಿರಬಹುದು. ಲಾಭದಲ್ಲಿ ಕಾಲು ಪಾಲನ್ನು ಮೀಸಲು ನಿಧಿಗೆ ಹಾಕಬೇಕೆಂದು ಸಹಕಾರ ಕಾಯ್ದೆಯೇ ಹೇಳುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಲಾಭಾಂಶವೆಂದು ಹಂಚಿಬಿಡಿರಿ ಎಂದು ಹಿಂದಿನ ಸಾಲಿನ ಹುಡುಗರು ಗದ್ದಲ ಎಬ್ಬಿಸಿದರು. ಅವರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ ಇತ್ತು. ಇದನ್ನು ಮುಚ್ಚಿಡುವುದಿಲ್ಲ.

ಆಗ ಕಾಕಾ ಎದ್ದು ನಿಂತರು. ಅವರು ಹೇಳಿದ್ದು ಇಷ್ಟು: "ನಾ ನೂರಕ್ಕಿಂತ ಹೆಚ್ಚು ಸಲ ಜಿಗದೇನಿ. ಎದಿ ಮ್ಯಾಲಿನ ರಿಜರ್ವ್ ಒಮ್ಮೆನೂ ಜಗ್ಗಿಲ್ಲ. ಹಂಗಂತ ಅದನ್ನ ಬಿಚ್ಚಿ, ಅರಿವಿ ಛಲೋ ಐತಿ, ಅಂಗಿ ಹೊಲಿಸೋಣು ಅಂತ ನಾವು ಅನಲಿಲ್ಲ. ಈ ಹುಡುಗ್ರು ಅಂಗಿ ಹೊಲಿಸಬೇಕಂತಾರ. ಹೊಲಿಸ್ರಿ. ಛತ್ರಿ ಅರಳದಿದ್ದ ದಿನ ಅಂಗೀ ಹಿಡಕೊಂಡ ಇಳೀರಿ." ಸಭೆಯೆಲ್ಲ ನಕ್ಕಿತು. ನಾನು ಕೂತುಬಿಟ್ಟೆ. ಲಾಭಾಂಶ ಸ್ವಲ್ಪವೇ ಹಂಚಿ ಉಳಿದದ್ದನ್ನು ಮೀಸಲು ನಿಧಿಗೆ ಹಾಕಬೇಕೆಂದು ಠರಾವು ಪಾಸಾಯಿತು. ಮುಂದಿನ ವರ್ಷಗಳಲ್ಲಿಯೂ ಅದೇ ಪದ್ಧತಿ ಬಿತ್ತು.

2019ರ ಆಗಸ್ಟ್ ತಿಂಗಳು ನಿಮಗೆಲ್ಲ ಗೊತ್ತಿದೆ. ಮೇಲೆ ಮಳೆ, ನವಿಲುತೀರ್ಥದ ಅಣೆಕಟ್ಟೆಯಿಂದ ನೀರು, ಮಲಪ್ರಭೆಯ ದಂಡೆಯ ಊರುಗಳೆಲ್ಲ ನೀರಿನಲ್ಲಿ. ಕಬ್ಬು ಕೊಳೆಯಿತು, ಗೋವಿನಜೋಳ ಕೊಚ್ಚಿ ಹೋಯಿತು, ಮನೆಯ ಗೋಡೆ ಕುಸಿದವು. ಸಾಲದ ಕಂತು ಕಟ್ಟುವವರು ಯಾರೂ ಇಲ್ಲ, ಠೇವಣಿ ವಾಪಸ್ ಕೇಳುವವರು ಎಲ್ಲರೂ. ಅಂಥ ದಿನಗಳಲ್ಲಿ ನಮ್ಮ ಸಂಘ ಒಂದು ದಿನವೂ ಬಾಗಿಲು ಹಾಕಲಿಲ್ಲ. ಠೇವಣಿ ಕೇಳಿದವರಿಗೆ ಠೇವಣಿ ಸಿಕ್ಕಿತು. ಎದೆಯ ಮೇಲಿನ ಛತ್ರಿ ಅವತ್ತು ಬಿಚ್ಚಿತು. ನಾನು ಆಗ ನಿರ್ದೇಶಕನಾಗಿದ್ದೆ. ಕಾಕಾನ ಮನೆಗೆ ಹೋಗಿ ಕಾಲು ಮುಟ್ಟಿದೆ. "ಏಕ್ ಹಜಾರ್, ದೋ ಹಜಾರ್" ಎಂದು ಎಣಿಸಿ ನನ್ನ ಬೆನ್ನಿಗೆ ಎರಡು ಗುದ್ದಿದರು.

ಇನ್ನು ನಮ್ಮ ಮಾಮಾ. ಸಮುದ್ರವನ್ನೇ ನೋಡದ ಊರಿನಿಂದ ಹೋಗಿ ಸಮುದ್ರದೊಳಗೆ ಮನೆ ಮಾಡಿದವರು. ನಮ್ಮ ದೇಶದ ಮೊದಲನೇ ಸಬ್‌ಮರೀನ್ 1967ರ ಡಿಸೆಂಬರಿನಲ್ಲಿ ಸೇವೆಗೆ ಸೇರಿತು. ರಷ್ಯಾದವರು ಕಟ್ಟಿಕೊಟ್ಟ ಅದರ ಹೆಸರು ಕಲ್ವರಿ. ಅದೇ ಜಾತಿಯ ಎಂಟು ಹಡಗುಗಳು ನಮ್ಮಲ್ಲಿದ್ದವು. ಫಾಕ್ಸ್‌ಟ್ರಾಟ್ ಎಂದು ಕರೆಯುತ್ತಿದ್ದರು. ಮಾಮಾ 1980ರ ದಶಕದಲ್ಲಿ ವಿಶಾಖಪಟ್ಟಣದಲ್ಲಿ ಅವುಗಳಲ್ಲಿ ದುಡಿದರು. 91 ಮೀಟರ್ ಉದ್ದ, ಒಳಗೆ ಸುಮಾರು 75 ಮಂದಿ, ಎಲ್ಲಿ ನೋಡಿದಲ್ಲಿ ಪೈಪು, ಗಾಲಿ, ಗಡಿಯಾರದಂಥ ಮುಳ್ಳು.

ಸಬ್‌ಮರೀನ್ ಅಂದರೆ ಏನೆಂದು ನಮ್ಮ ಅಜ್ಜಿ ಕೇಳಿದಾಗ ಮಾಮಾ ಹೇಳಿದ್ದು, "ಅವ್ವಾ, ಹಗೇವು ಐತೆಲ್ಲಾ, ಜೋಳಾ ತುಂಬೂ ಹಗೇವು? ಅದನ್ನ ಅಡ್ಡ ಮಲಗಿಸಿ, ಒಳಗ ಎಪ್ಪತ್ತೈದ ಮಂದಿ ತುಂಬಿ, ಬಾಯಿ ಮುಚ್ಚಿ, ಡ್ಯಾಮಿನಾಗ ಬಿಟ್ಟಂಗ." ಅಜ್ಜಿ ಮೂರು ದಿನ ಊಟ ಬಿಟ್ಟಳು. ಯಾಕೆಂದರೆ ಹಗೇವಿನ ಗಾಳಿ ಎಂಥದೆಂದು ಅವಳಿಗೆ ಗೊತ್ತಿತ್ತು. ಹಗೇವು ತೆಗೆದ ಕೂಡಲೆ ಯಾರೂ ಇಳಿಯುವುದಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆಮೇಲೆ ಇಳಿಯುತ್ತೇವೆ. ಸಬ್‌ಮರೀನಿನಲ್ಲಿಯೂ ದೊಡ್ಡ ಚಿಂತೆ ಅದೇ, ಗಾಳಿ. ನೀರೊಳಗೆ ಅದು ಬ್ಯಾಟರಿಯಿಂದ ಓಡುತ್ತದೆ. ಬ್ಯಾಟರಿ ತುಂಬಲು ಡಿಸೇಲ್ ಇಂಜಿನ್ ನಡೆಸಬೇಕು. ಇಂಜಿನ್ನಿಗೆ ಗಾಳಿ ಬೇಕು. ಅದಕ್ಕಾಗಿ ರಾತ್ರಿ ಹೊತ್ತು ಮೇಲಕ್ಕೆ ಬಂದು ಒಂದು ಕೊಳವೆಯನ್ನಷ್ಟೇ ನೀರಿನ ಹೊರಗೆ ಚಾಚಿ ಉಸಿರು ಎಳೆಯುತ್ತದೆ. ಕೊಳವೆಯ ಮೇಲೆ ತೆರೆ ಬಂದರೆ ಅದರ ಬಾಯಿ ತಾನೇ ಮುಚ್ಚುತ್ತದೆ, ಆಗ ಇಂಜಿನ್ ಒಳಗಿನ ಗಾಳಿಯನ್ನೇ ಜಗ್ಗುತ್ತದೆ, ಎಲ್ಲರ ಕಿವಿ ಗುಂಯ್ ಅನ್ನುತ್ತವೆ. "ಅದಕ್ಕ ನಿಮ್ಮ ಅತ್ತಿ ಬೈದದ್ದು ನನಗ ಒಂದೂ ಕೇಳೂದಿಲ್ಲ" ಎನ್ನುವುದು ಮಾಮಾನ ಖಾಯಂ ಮಾತು.

ಜಳಕ ಎಂಬುದು ಕೇಳಲೇಬೇಡಿ. ಸುತ್ತಲೂ ನೀರು, ಒಳಗೆ ಬರಗಾಲ. ಸಿಹಿನೀರು ಕುಡಿಯಲಿಕ್ಕೆ, ಅಡುಗೆಗೆ ಮಾತ್ರ. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಬೇಕು, ಹಾಸಿಗೆ ತಣ್ಣಗಾಗುವ ಮಾತೇ ಇಲ್ಲ. ಮೈಗೆಲ್ಲ ಡಿಸೇಲ್ ವಾಸನೆ. ರಜೆಗೆ ಬಂದಾಗ ನಮ್ಮ ಅತ್ತಿ ಹಿತ್ತಲಲ್ಲಿ ನಿಲ್ಲಿಸಿ ಮೂರು ಸಲ ಸೀಗೆಕಾಯಿ ತಿಕ್ಕಿ ಆಮೇಲೆ ಒಳಗೆ ಬಿಡುತ್ತಿದ್ದಳು. ಟ್ರ್ಯಾಕ್ಟರ್ ಬಂತೆಂದು ಓಣಿಯ ಹುಡುಗರು ಓಡಿ ಬರುತ್ತಿದ್ದರು.

ಒಮ್ಮೆ ಅಜ್ಜಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹಡಗಿಗೆ ಹೋದವು. ಕೆಲವೇ ದಿನಗಳಲ್ಲಿ ಬ್ರೆಡ್ಡಿಗೆ ಬೂಸು ಬಂತು. ನಮ್ಮ ರೊಟ್ಟಿ ಹೋದ ಹಾಗೆಯೇ ಇತ್ತು. ಪಂಜಾಬದವರು ಹಪ್ಪಳವೆಂದು ತಿಂದರು, ಕೇರಳದವರು ಚಹಾದಲ್ಲಿ ಅದ್ದಿದರು. ಶತ್ರುವಿನ ಹಡಗಿಗೆ ಸದ್ದು ಕೇಳಬಾರದೆಂದು ಒಮ್ಮೊಮ್ಮೆ ಎಲ್ಲರೂ ಸುಮ್ಮನಿರಬೇಕಾಗುತ್ತದೆ. ಚಮಚ ಬೀಳುವಂತಿಲ್ಲ, ಮಾತಿಲ್ಲ, ಕೆಮ್ಮಿಲ್ಲ. ಅಂಥ ಹೊತ್ತಿನಲ್ಲಿ ಮೂಲೆಯಿಂದ ಟಕ್ ಎಂದು ಸದ್ದು ಬಂತು. ಅಧಿಕಾರಿ ಬಂದು ನೋಡಿದರೆ ಮಾಮಾನ ಬಾಯಲ್ಲಿ ರೊಟ್ಟಿ. ಅಂದಿನಿಂದ ಸುಮ್ಮನಿರುವ ಆಜ್ಞೆ ಬಂದಾಗಲೆಲ್ಲ ಅದರ ಕೊನೆಗೆ, ರೊಟ್ಟಿ ಬಂದ್, ಎಂದೂ ಕೂಗುತ್ತಿದ್ದರಂತೆ. ಇದು ನಿಜವೋ ಕಟ್ಟಿದ್ದೋ ನಾನು ಕೇಳಿಲ್ಲ. ಕೇಳಿದರೆ ಕಥೆ ಕೆಡುತ್ತದೆ.

ಇಂಥ ಕಥೆಗಳಿಂದಾಗಿ ಊರಲ್ಲಿ ಮಾಮಾನಿಗೆ ಬುರುಡೆ ಬಿಡುವವನೆಂಬ ಹೆಸರು ಬಂತು. ಹಡಗು ಆಳಕ್ಕೆ ಹೋದರೆ ನೀರಿನ ಒತ್ತಡಕ್ಕೆ ಕಬ್ಬಿಣದ ಮೈಯೇ ಒಳಗೆ ಸರಿಯುತ್ತದೆ, ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ಕಟ್ಟಿದ ದಾರ ಜೋತು ಬೀಳುತ್ತದೆ ಎಂದರೆ ಯಾರು ನಂಬುತ್ತಾರೆ? ಇನ್ನೊಂದು ಸಂಗತಿಗೂ ನಾವು ನಗುತ್ತಿದ್ದೆವು. ಮಾಮಾ ಎಂದೂ ಬಾಗಿಲು ಹಾಕಿಕೊಂಡು ಮಲಗಿದವರಲ್ಲ. ಮಳೆ ಇರಲಿ, ಚಳಿ ಇರಲಿ, ಪಡಸಾಲೆಯ ಬಾಗಿಲು ತೆರೆದೇ ಇರಬೇಕು. ಬಚ್ಚಲ ಬಾಗಿಲಿಗೂ ಚಿಲಕ ಹಾಕುವುದಿಲ್ಲ, ಒಳಗಿನಿಂದ ಹಾಡು ಹೇಳುತ್ತಾರೆ. "ಮಿಲಿಟರಿಯವಗ ಕಳ್ಳರ ಅಂಜಿಕಿಲ್ಲ, ಬಾಗಲದ ಅಂಜಿಕಿ" ಎಂದು ನಾನೇ ಎಷ್ಟೋ ಸಲ ಚೇಷ್ಟೆ ಮಾಡಿದ್ದೇನೆ.

2016ರಲ್ಲಿ ನಮ್ಮ ಸಂಘದ ನಿರ್ದೇಶಕರು ಆಂಧ್ರದ ಕಡೆಗೆ ಅಧ್ಯಯನ ಪ್ರವಾಸ ಹೋದೆವು. ದಾರಿ ತೋರಿಸಲೆಂದು ಮಾಮಾನನ್ನೂ ಅವರ ಸ್ವಂತ ಖರ್ಚಿನಲ್ಲಿ ಕರೆದುಕೊಂಡೆವು. ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ಕುರ್ಸುರಾ ಎಂಬ ಸಬ್‌ಮರೀನನ್ನು ದಂಡೆಗೆ ಎಳೆದು ವಸ್ತುಸಂಗ್ರಹಾಲಯ ಮಾಡಿದ್ದಾರೆ. 1969ರಲ್ಲಿ ಸೇವೆಗೆ ಸೇರಿ 2001ರಲ್ಲಿ ನಿವೃತ್ತವಾದ ಹಡಗು. 2002ರಿಂದ ಜನರಿಗೆ ತೆರೆದಿದೆ. ಟಿಕೆಟ್ ತೆಗೆಸಿ ಒಳಗೆ ಹೋದೆವು. ಮಾಮಾ ಹೇಳಿದ್ದೆಲ್ಲ ಅಕ್ಷರಶಃ ಅಲ್ಲಿತ್ತು. ಟಾರ್ಪೆಡೊ ಬಿಡುವ ಕೊಳವೆ ನೋಡಿದೆ. ಅಡ್ಡ ಅಳತೆ 53 ಸೆಂಟಿಮೀಟರ್. ಹಡಗು ಮೇಲೆ ಬರಲಾರದೆ ಹೋದರೆ ಅದರೊಳಗಿಂದ ತೆವಳಿಕೊಂಡು ಹೊರಗೆ ಹೋಗಬೇಕಂತೆ. ನಮ್ಮ ನಿರ್ದೇಶಕ ಮಂಡಳಿಯಲ್ಲಿ ಅದರೊಳಗೆ ಹಿಡಿಯುವವರು ಒಬ್ಬರೂ ಇರಲಿಲ್ಲ.

ಹಡಗಿನೊಳಗೆ ಏಳು ಖೋಲಿಗಳು. ಒಂದರಿಂದ ಒಂದಕ್ಕೆ ಹೋಗಲು ದುಂಡನೆಯ ಕಿರಿದಾದ ಬಾಗಿಲು, ಬಗ್ಗಿ ಕಾಲು ಎತ್ತಿ ದಾಟಬೇಕು. ಅಂಥ ಒಂದು ಬಾಗಿಲಿನ ಹತ್ತಿರ ಮಾಮಾ ನಿಂತುಬಿಟ್ಟರು. ದಪ್ಪ ಕಬ್ಬಿಣದ ಬಾಗಿಲಿನ ಮೇಲೆ ಕೈ ಇಟ್ಟು ನಿಂತವರು ಮುಂದೆ ಬರಲಿಲ್ಲ. ನಾನು ಹಿಂದಕ್ಕೆ ಹೋಗಿ, "ಯಾಕ ಮಾಮಾ?" ಎಂದೆ. ಆಗ ಹೇಳಿದರು. ಹಡಗಿನ ಹೆಸರು, ವರ್ಷ ಇಲ್ಲಿ ಬೇಡ.

"ಅಳಿಯಾ, ಒಮ್ಮೆ ನೀರಾಗ ಇದ್ದಾಗ ಹೊಗಿ ಎದ್ದಿತ್ತು. ಬೆಂಕಿ ಆಗಲಿ ನೀರಾಗಲಿ, ಒಂದು ಖೋಲ್ಯಾಗ ಬಂದ್ರ ಎರಡೂ ಕಡೀ ಬಾಗಲಾ ಹಾಕಬೇಕು. ಒಳಗ ಯಾರದಾರ ಅಂತ ಕೇಳೂಹಂಗಿಲ್ಲ. ಒಳಗಿನವರೂ ತಗೀರಿ ಅನ್ನೂಹಂಗಿಲ್ಲ. ಅವರ ಅಲ್ಲೇ ಆರಸಬೇಕು. ಅವತ್ತ ಬಾಗಲದ ಹಂತ್ಯಾಕ ನಾ ಇದ್ನಿ. ಒಳಗ ನನ್ನ ಗೆಳ್ಯಾ ಇದ್ದಾ, ಕೇರಳದಂವಾ. ಒಂದ ಹಾಸಗಿಯೊಳಗ ಪಾಳಿ ಮ್ಯಾಲ ಮಲಗತಿದ್ವಿ ನಾವಿಬ್ರು. ಅವನ ಮಾರಿ ನೋಡಿದ್ನಿ. ಅಂವಾ ಗೋಣ ಹಾಕಿದಾ. ನಾ ಬಾಗಲಾ ಹಾಕಿ ಹಿಡಕೀ ತಿರವಿದ್ನಿ."

ಇಪ್ಪತ್ತು ನಿಮಿಷ ಆ ಬಾಗಿಲಿನ ಈ ಕಡೆ ಮಾಮಾ, ಆ ಕಡೆ ಗೆಳೆಯ. ಎರಡೂ ಕಡೆ ಎಪ್ಪತ್ತೈದು ಮಂದಿಯ ಜೀವ. ಒಳಗಿದ್ದವರು ಹೊಗೆಯನ್ನು ಆರಿಸಿದರು. ಬಾಗಿಲು ತೆಗೆದಾಗ ಆ ಗೆಳೆಯ ಮುಖವೆಲ್ಲ ಮಸಿಯಾಗಿ, ಕೆಮ್ಮುತ್ತ ಹೊರಗೆ ಬಂದು ಅಂದ ಮೊದಲನೇ ಮಾತು, "ಹಾಸಿಗೆಯ ಪಾಳಿ ನಿನ್ನದೆಂದು ಇಷ್ಟು ಗಡಬಿಡಿಯಲ್ಲಿ ಬಾಗಿಲು ಹಾಕುವುದೇ?" ಎಲ್ಲರೂ ನಕ್ಕರಂತೆ. ಮಾಮಾನೂ ನಕ್ಕರಂತೆ. "ನಕ್ಕ ನಕ್ಕ ಅತ್ತೇನಿ ಅಳಿಯಾ. ಅಂವಾ ಇವತ್ತಿಗೂ ಓಣಂ ಹಬ್ಬಕ್ಕ ಫೋನ್ ಮಾಡಿ, ಬಾಗಲಾ ತಗದದ ಏನು ಅಂತ ಕೇಳತಾನ. ತಗದದ ಅಂತೇನಿ" ಎಂದರು.

ಬಂಧುಗಳೆ, ಬಾಗಿಲಿನ ಚೇಷ್ಟೆಯನ್ನು ನಾನು ಅಂದೇ ಬಿಟ್ಟೆ. ಮಾಮಾನ ಹತ್ತಿರ ಕ್ಷಮೆ ಕೇಳಲು ಹೋದರೆ, "ಬಿಡೋ, ನಕ್ಕದ್ದಕ್ಕ ಬದಕೇವಿ" ಎಂದರು.

ಕಾಕಾನ ಆ ರಾತ್ರಿಯ ಚಳಿಯ ಮಾತೂ ನನಗೆ ತಿಳಿದದ್ದು ಹೀಗೆಯೇ ತಡವಾಗಿ. ಅವರು 1988ರಲ್ಲಿ ನಿವೃತ್ತಿಯಾಗಿ ಬಂದ ಮೇಲೆ, ನಾನು ಕನ್ನಡ ಸಾಲೆಗೆ ಹೋಗುವ ಹುಡುಗ, ಪ್ರತಿ ತಿಂಗಳೂ ಅವರಿಗೆ ಮನಿಯಾರ್ಡರ್ ಫಾರ್ಮು ಬರೆದುಕೊಡುತ್ತಿದ್ದೆ. ಅವರ ಕೈ ಬರಹ ಪೋಸ್ಟಿನವರಿಗೆ ತಿಳಿಯುತ್ತಿರಲಿಲ್ಲ. ಸಾತಾರಾ ಜಿಲ್ಲೆಯ ಒಂದು ಹಳ್ಳಿಯ ವಿಳಾಸ, ಒಬ್ಬ ಹೆಣ್ಣುಮಗಳ ಹೆಸರು. ಯಾರಿಗೆ ಕಾಕಾ ಎಂದು ಕೇಳಿದರೆ, "ಸಾಲಾ ತೀರಸಾಕತ್ತೇನಿ" ಅನ್ನುತ್ತಿದ್ದರು. ಯಾರು ಮಾಡಿದ ಸಾಲ ಎಂದರೆ, "ನಾ ಜಾಮೀನದಾರ" ಅನ್ನುತ್ತಿದ್ದರು. ಊರವರು ಏನೇನೋ ಮಾತಾಡಿದರು. ಕಾಕಾ ಅದಕ್ಕೂ ನಗುತ್ತಿದ್ದರು. ಒಂದು ದಿನ ಮನಿಯಾರ್ಡರ್ ವಾಪಸ್ ಬಂತು, ಪಡೆಯುವವರು ತೀರಿಕೊಂಡಿದ್ದಾರೆ ಎಂದು ಬರೆದಿತ್ತು. ಅಂದು ಕಾಕಾ ಜಳಕ ಮಾಡಿ, ಒಪ್ಪೊತ್ತು ಇದ್ದರು.

ವಿಮಾನದಲ್ಲಿ ಜಿಗಿಯುವ ಮೊದಲು ಸಾಲಾಗಿ ನಿಲ್ಲುತ್ತಾರೆ. ತನ್ನ ಬೆನ್ನಿನ ಗಂಟು ತನಗೆ ಕಾಣುವುದಿಲ್ಲ. ಅದಕ್ಕೆ ಹಿಂದಿನವನು ಮುಂದಿನವನ ಬೆನ್ನು ನೋಡಿ, ಎಲ್ಲ ಸರಿ ಇದೆ ಎಂದು ಹೆಗಲು ತಟ್ಟಬೇಕು. ಟಾಂಗೈಲಿಗೆ ಹೋಗುವ ವಿಮಾನದಲ್ಲಿ ಕಾಕಾನ ಹಿಂದೆ ನಿಂತವನು ಆ ತಾಯಿಯ ಮಗ. ಸೇತುವೆಯ ಹತ್ತಿರ ಆ ರಾತ್ರಿ ಅವನು ಹೋದ. ನಾನು ನಿರ್ದೇಶಕನಾದ ವರ್ಷ ಕಾಕಾ ತಾವಾಗಿಯೇ ಕರೆದು ಇದನ್ನು ಹೇಳಿದರು. "ನನ್ನ ಬೆನ್ನ ಅಂವಾ ನೋಡಿದಾ. ಅವನ ಬೆನ್ನ ನನಗ ನೋಡಾಕಾಗಲಿಲ್ಲ. ಅವರವ್ವನ್ನರ ನೋಡೂಣಂತ ಮಾಡಿದ್ನಿ. ಈಗ ನೀ ಮಂದಿ ಸಾಲದ ಕಾಗದಕ್ಕ ಸಹಿ ಮಾಡಾಂವಾ. ಜಾಮೀನ ಅಂದ್ರ ಬರೇ ಸಹಿ ಅಲ್ಲೋ ತಮ್ಮಾ. ಮುಂದಿನವನ ಬೆನ್ನ ನೋಡೂದು."

1905ರಲ್ಲಿ ನಮ್ಮ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ದೇಶದ ಮೊದಲನೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದದ್ದೂ ಇದೇ ಎಂದು ನಾನು ತಿಳಿದಿದ್ದೇನೆ. ತನ್ನ ಬೆನ್ನಿನ ಗಂಟು ತನಗೆ ಕಾಣುವುದಿಲ್ಲ. ಹಿಂದಿನವನು ನೋಡಬೇಕು.

ಈಗ ಒಂದು ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಪಿಂಚಣಿ ಪಡೆಯುವವರು ಪ್ರತಿ ವರ್ಷ ತಾವು ಬದುಕಿದ್ದೇವೆಂದು ಪ್ರಮಾಣ ಕೊಡಬೇಕು. 2014ರಿಂದ ಅದನ್ನು ಬೆರಳ ಗುರುತು ಕೊಟ್ಟು ಕಂಪ್ಯೂಟರಿನಲ್ಲಿ ಮಾಡುವ ವ್ಯವಸ್ಥೆ ಬಂದಿದೆ. ಹೊಲದಲ್ಲಿ ದುಡಿದ ಕಾಕಾನ ಹೆಬ್ಬೆರಳಿನ ಗೆರೆ ಸವೆದು ಹೋಗಿವೆ. ಕಳೆದ ನವೆಂಬರಿನಲ್ಲಿ ಮೂರು ಸಲ ಬಸ್ಸು ಹತ್ತಿ ಹೋಗಿ ಬಂದರು, ಮಶೀನು ಒಪ್ಪಲಿಲ್ಲ. "ಟಾಂಗೈಲದಾಗ ಸಾಯಲಿಲ್ಲ, ಇಲ್ಲಿ ಮಶಿನ್ನು ನನ್ನ ಸಾಯಿಸೇತಿ. ಪ್ಯಾರಾಶೂಟ್ ಕೊಡ್ರಿ, ಮ್ಯಾಲಿಂದ ಬಂದು ತೋರಸ್ತೇನಿ" ಎಂದು ನಗುತ್ತ ಬಂದರು. ಆದರೆ ಆ ಎರಡು ತಿಂಗಳು ಅವರ ಪಿಂಚಣಿ ತಡವಾಯಿತು. ಔಷಧಿಯ ರೊಕ್ಕಕ್ಕೆ ಅವರು ಯಾರಿಗೂ ಕೇಳಲಿಲ್ಲ. ನಮಗಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತೈದು ವರ್ಷ ನಮ್ಮ ಬೆನ್ನು ನೋಡಿದವರ ಬೆನ್ನು ನಾವು ನೋಡಲಿಲ್ಲ.

ಆದ್ದರಿಂದ ಮುಂಬರುವ ಸಾಮಾನ್ಯ ಸಭೆಯಲ್ಲಿ ನಾನು ಒಂದು ಠರಾವು ಮಂಡಿಸುತ್ತೇನೆ. ಬೆರಳಿನ ಜೊತೆಗೆ ಕಣ್ಣಿನಿಂದಲೂ ಮುಖದಿಂದಲೂ ಗುರುತು ಹಿಡಿಯುವ ಸಾಧನ ಈಗ ಬಂದಿವೆ. ಅಂಥದನ್ನು ಸಂಘದ ಕಚೇರಿಯಲ್ಲಿ ಇಡಬೇಕು. ಪ್ರತಿ ನವೆಂಬರಿನಲ್ಲಿ ನಮ್ಮ ಸಿಬ್ಬಂದಿಯವರು ಊರಿನ ಮಾಜಿ ಸೈನಿಕರ, ಸೈನಿಕರ ವಿಧವೆಯರ, ಎಲ್ಲ ಪಿಂಚಣಿದಾರರ ಜೀವನ ಪ್ರಮಾಣವನ್ನು ಮಾಡಿಕೊಡಬೇಕು. ನಡೆಯಲಾರದವರ ಮನೆಗೇ ಹೋಗಬೇಕು. ಖರ್ಚು ದೊಡ್ಡದಲ್ಲ. ಇನ್ನೊಂದು, 2022ರಿಂದ ಅಗ್ನಿವೀರರಾಗಿ ಹೋಗುತ್ತಿರುವ ನಮ್ಮ ಹುಡುಗರಲ್ಲಿ ಬಹಳ ಮಂದಿ ನಾಲ್ಕು ವರ್ಷಕ್ಕೆ ವಾಪಸ್ ಬರುತ್ತಾರೆ. ಬಂದ ರೊಕ್ಕ ಹಾಳಾಗದಂತೆ, ಹೈನುಗಾರಿಕೆಗೋ ಅಂಗಡಿಗೋ ಸಾಲ ಬೇಕಾದರೆ ಅವರಿಗೆ ಮೊದಲ ಪಾಳಿ ಕೊಡಬೇಕು. ಜಾಮೀನು ಯಾರು ಎಂದು ಕೇಳಿದರೆ ಮೊದಲನೇ ಸಹಿ ನನ್ನದು. 2005ರ ಸಭೆಯಲ್ಲಿ ಮಾಡಿದ ಗದ್ದಲಕ್ಕೆ ಅಷ್ಟಾದರೂ ಮಾಡಬೇಕಲ್ಲ.

ಈಗ ಇಬ್ಬರು ಹಿರಿಯರೂ ವೇದಿಕೆಗೆ ಬರಬೇಕೆಂದು ವಿನಂತಿಸುತ್ತೇನೆ. ಕಾಕಾ, ಮೆಟ್ಟಿಲು ಹತ್ತಿ ಬರ್ರಿ, ಮ್ಯಾಲಿಂದ ಜಿಗೀಬ್ಯಾಡ್ರಿ. ಮಾಮಾ, ಸಭಾಗೃಹದ ಎಲ್ಲ ಬಾಗಲಾ ತಗದ ಇಟ್ಟೇವಿ, ಅಂಜಬ್ಯಾಡ್ರಿ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.